ಅತ್ತೆಯ ವಿಲಾಯತಿ ಗಾಡಿ

ನಮ್ಮ ಅತ್ತೆಗೆ ತಲೆ ನೆಟ್ಟಗಿಲ್ಲವೆಂದು ಹುಬ್ಬಳ್ಳಿಯ ಅರ್ಧ ಜನ ಹೇಳುತ್ತಿದ್ದರು. ಉಳಿದರ್ಧ ಜನಕ್ಕೆ ಅವಳ ಪರಿಚಯವಿರಲಿಲ್ಲ!

ಅತ್ತೆ ಎಂದರೆ ಗಂಡನ ತಾಯಿ ಅಂದುಕೊಂಡು ಗಾಬರಿಯಾಗಬೇಡಿ. ಗಂಡನ ತಾಯಿಯ ಬಗ್ಗೆ ಹೀಗೆ ಬರೆದು ಬದುಕಿ ಉಳಿದ ಸೊಸೆ ಇನ್ನೂ ಹುಟ್ಟಿಲ್ಲ. ಇವಳು ನನ್ನ ತಂದೆಯ ಅಕ್ಕ. ಹುಬ್ಬಳ್ಳಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು 'ಬಾಯಾರು' ಎಂದು ಕರೆಯುತ್ತಾರೆ. ಹಾಗೆ ಊರಿಗೆಲ್ಲ ಅವಳು ಬಾಯಾರು. ಆಳು ಗಿಡ್ಡ, ದನಿ ಮಾತ್ರ ಶಾಲೆಯ ಗಂಟೆಗಿಂತ ದೊಡ್ಡದು. ಗಂಟೆ ಒಡೆದು ಹೋದ ವರ್ಷ ಹೊಸದನ್ನು ತರಿಸಲೇ ಇಲ್ಲ; ಅವಶ್ಯಕತೆ ಬೀಳಲಿಲ್ಲ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ಪುರಸೊತ್ತ ಆಗಲಿಲ್ಲ" ಎನ್ನುತ್ತಿದ್ದಳು.

ಅವಳ ಹುಚ್ಚು ಇಷ್ಟೇ: ಯಾರಾದರೂ ಕೈಬಿಟ್ಟದ್ದನ್ನು ಕಂಡರೆ ಸಾಕು, ಮನೆಗೆ ತರುತ್ತಿದ್ದಳು. ನಡೆಯದ ಗಡಿಯಾರ, ಉಸಿರು ಹಿಡಿಯದ ಹಾರ್ಮೋನಿಯಂ, ನಪಾಸಾಗಿ ಒಂದೇ ಇಯತ್ತೆಯಲ್ಲಿ ಬೇರು ಬಿಟ್ಟು ಕೂತ ಹುಡುಗಿಯರು, ಎಲ್ಲವೂ ನಮ್ಮ ಮನೆಯ ಪಡಸಾಲೆಯಲ್ಲಿ ರಿಪೇರಿಗೆ ಕಾದಿರುತ್ತಿದ್ದವು. ನಾನೂ ಹಾಗೇ ಬಂದವಳು. ಕಾಲೇಜಿನ ಮೊದಲ ವರ್ಷದ ಇಂಗ್ಲಿಷಿನಲ್ಲಿ ನಪಾಸಾದ ಮೇಲೆ ನನ್ನಪ್ಪ ನನ್ನನ್ನು ಗದಗಿನಿಂದ ತಂದು, ಕೆಟ್ಟ ಕೊಡೆಯನ್ನು ಒಪ್ಪಿಸುವ ಹಾಗೆ ಅಕ್ಕನ ಕೈಗೆ ಒಪ್ಪಿಸಿ ಹೋಗಿದ್ದ. ಅತ್ತೆ ನನ್ನನ್ನು ಹುಬ್ಬಳ್ಳಿಯ ಕಾಲೇಜಿಗೆ ಸೇರಿಸಿದ್ದಳು. ಮನೆಯಲ್ಲಿ ನಾವು ಮೂವರು: ಅತ್ತೆ, ನಾನು, ಅತ್ತೆಯ ತಾಯಿ. ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ಗೋಡೆಯ ಮೇಲೆ ಬುದ್ಧನ ಒಂದು ಪಟ. ಅದು ನಮ್ಮ ಮನೆಗೆ ಬಂದು ಆಗಿನ್ನೂ ಬಹಳ ಕಾಲವಾಗಿರಲಿಲ್ಲ.

ಇಂಥ ಅತ್ತೆ ಒಂದು ದಿನ ದುರ್ಗದಬೈಲಿನ ಹಿಂದಿನ ಒಂದು ವಾಡೆಗೆ ಹೋದಳು. ಅದು ಅರಳೆ ವ್ಯಾಪಾರದ ಸಾವುಕಾರರ ಮನೆ. ಆ ಮನೆಯ ಇಬ್ಬರು ಹುಡುಗಿಯರು ಶಾಲೆ ಬಿಟ್ಟಿದ್ದರು. ಅತ್ತೆ ಮುಂಬಾಗಿಲಿನಿಂದಲೇ ಒಳಗೆ ಹೋದಳು. ಇದನ್ನು ಯಾಕೆ ಹೇಳುತ್ತೇನೆಂದರೆ, ಆಯಿ ಅದೇ ವಾಡೆಯಲ್ಲಿ ವರ್ಷಗಟ್ಟಲೆ ದನದ ಕೊಟ್ಟಿಗೆ ಬಳಿದವಳು. ಅವಳಿಗೆ ಗೊತ್ತಿದ್ದದ್ದು ಹಿತ್ತಲ ಬಾಗಿಲೊಂದೇ. ನಮ್ಮವರು ಮುಂಬಾಗಿಲು ದಾಟುವ ಕಾಲ ಆಗಿನ್ನೂ ಬಂದಿರಲಿಲ್ಲ. ಆದರೆ ಬರುವ ತನಕ ಕಾಯುವ ಅಭ್ಯಾಸ ಅತ್ತೆಗೆ ಇರಲಿಲ್ಲ.

"ಹೆಣ್ಹುಡುಗರು ಕಲತು ಏನ್ ಮಾಡೂದೈತ್ರಿ, ಬಾಯಾರ?" ಎಂದು ಸಾವುಕಾರರು ಕೇಳಿದರು. ಹಳೆಯ ಸಾವುಕಾರರು ತೀರಿಹೋಗಿದ್ದರು. ಇವರು ಅವರ ಮಗ.

"ಗಂಡ್ಹುಡುಗರು ಕಲತು ಏನ್ ಮಾಡ್ಯಾರ, ತೋರಸ್ರಿ ನೋಡೂಣು" ಎಂದಳು ಅತ್ತೆ.

ತೋರಿಸಲು ಮನೆಯಲ್ಲಿ ಅವರೊಬ್ಬರೇ ಇದ್ದರು. ಅವರು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯ ಬಾಗಿಲು ಬಡಿದು ಬಡಿದು ವಾಪಸು ಬಂದವರು! ಎದ್ದು, ಒಳಗೆ ಕೇಳಿ ಬರುತ್ತೇನೆಂದು ಹೋದರು. ಆ ಹೊತ್ತಿನಲ್ಲಿ ಅತ್ತೆ ಅಂಗಳದಲ್ಲಿ ಅಡ್ಡಾಡುತ್ತ ಬಂಡಿ ನಿಲ್ಲಿಸುವ ಛಪ್ಪರದೊಳಗೆ ಇಣುಕಿದಳು. ಅಲ್ಲಿ ಜೋಳದ ಕಣಿಕೆಯ ರಾಶಿಯ ಕೆಳಗಿನಿಂದ ಒಂದು ದೊಡ್ಡ ಗಾಜಿನ ಕಣ್ಣು ಅವಳನ್ನೇ ನೋಡುತ್ತಿತ್ತು. ಕಣಿಕೆ ಸರಿಸಿದರೆ ಕಾರು! ಹಳೆಯ ಸಾವುಕಾರರು ಅರಳೆಗೆ ಬಂಗಾರದ ದರವಿದ್ದ ಕಾಲದಲ್ಲಿ ಮುಂಬಯಿಯಿಂದ ತರಿಸಿದ ವಿಲಾಯತಿ ಗಾಡಿ. ಚಕ್ರಗಳು ಮಣ್ಣಿನಲ್ಲಿ ಹೂತಿದ್ದವು. ಒಂದು ಎಮ್ಮೆ ಅದರ ಮಗ್ಗುಲಿಗೆ ಬೆನ್ನು ತಿಕ್ಕಿ ತಿಕ್ಕಿ ಬಣ್ಣವನ್ನೆಲ್ಲ ತಾನೇ ಹಚ್ಚಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಒಂದು ಬೆಕ್ಕು ಬಾಣಂತನ ಮಾಡಿಕೊಳ್ಳುತ್ತಿತ್ತು.

ಸಾವುಕಾರರು ಹೊರಗೆ ಬಂದರು. "ಇದೇನ್ರಿ?" ಎಂದಳು ಅತ್ತೆ.

"ನಮ್ಮಪ್ಪಾರ ಗಾಡಿರಿ. ಹೋಗಿ ಭಾಳ ವರ್ಷಾತು."

"ಅಪ್ಪಾರೋ, ಗಾಡಿಯೋ?"

"ಎರಡೂನು ರಿ."

"ಗಾಡಿ ಸತ್ತಿಲ್ಲ ಬಿಡ್ರಿ. ಹೇಳಿ ಕೊಡವರಿಲ್ಲದ ದಡ್ಡ ಆಗೈತಿ ಅಷ್ಟ."

ಮೋಡಕಾದವನು, ಅಂದರೆ ಹಳೆ ಕಬ್ಬಿಣ ಕೊಳ್ಳುವವನು, ಮರುವಾರ ಬಂದು ಅದನ್ನು ಒಡೆದು ಒಯ್ಯುವವನಿದ್ದ. ಅವನು ಕೊಡುವಷ್ಟೇ ತಾನೂ ಕೊಡುತ್ತೇನೆ, ಗಾಡಿ ನನಗೆ ಕೊಡಿ ಎಂದಳು ಅತ್ತೆ. ಸಾವುಕಾರರು ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತ ಅತ್ತೆಯ ಮುಖ ನೋಡಿದರು. ಅಲ್ಲಿ ನಗು ಇರಲಿಲ್ಲ. ಅವರ ನಗುವೂ ಮೆಲ್ಲಗೆ ಆರಿತು. ಅಷ್ಟರಲ್ಲಿ ಒಳಬಾಗಿಲ ಸಂದಿಯಿಂದ ಒಂದು ವಯಸ್ಸಾದ ದನಿ ಬಂತು: "ಕೊಟ್ಟು ಬಿಡಪಾ. ಬೆಕ್ಕಿನ ಮರಿ ಇನ್ನೂ ಕಣ್ಣ ತೆರದಿಲ್ಲ, ಜ್ವಾಕಿಲೆ ಒಯ್ಯಂತ ಹೇಳು." ಅದು ಹಳೆಯ ಸಾವುಕಾರರ ಹೆಂಡತಿಯ ದನಿ. ಊರಲ್ಲಿ ಆ ಅವ್ವಾರನ್ನು ಕಂಡವರಿಗಿಂತ ಅವರ ದನಿ ಕೇಳಿದವರೇ ಹೆಚ್ಚು.

ಹೀಗೆ ಇಬ್ಬರು ಹುಡುಗಿಯರನ್ನು ಕರೆತರಲು ಹೋದ ಅತ್ತೆ ಒಂದು ಕಾರು, ಒಂದು ಬೆಕ್ಕು, ಅದರ ಮರಿಗಳು, ಇಷ್ಟನ್ನು ಸಂಪಾದಿಸಿದಳು. ಹುಡುಗಿಯರೂ ಮರುದಿನ ಶಾಲೆಗೆ ಬಂದರು. ಅವರನ್ನು ಕಳಿಸದಿದ್ದರೆ ಬಾಯಾರು ಮತ್ತೆ ಬಂದು ಎಮ್ಮೆಯನ್ನೂ ಕೇಳಿಯಾರು ಎಂಬ ಭಯ ಸಾವುಕಾರರಿಗೆ!

ಗಾಡಿಯನ್ನು ಮನೆಗೆ ತರುವುದು ಹೇಗೆ? ಒಂದು ಜೋಡಿ ಎತ್ತು ಕಟ್ಟಿದರು. ಅತ್ತೆ ಮಾತ್ರ ಮೆರವಣಿಗೆಯ ಮುಂದೆ ನಡೆಯಲು ಒಪ್ಪದೆ ಒಳಗೆ ಹತ್ತಿ ಸ್ಟಿಯರಿಂಗ್ ಚಕ್ರ ಹಿಡಿದು ಕೂತಳು. ಅದನ್ನು ತಿರುಗಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ದುರ್ಗದಬೈಲಿನ ತಿರುವಿನಲ್ಲಿ ಎತ್ತುಗಳು ಬಲಕ್ಕೆ ಹೊರಟವು, ಗಾಡಿ ಎಡಕ್ಕೆ ಬದನೆಕಾಯಿ ರಾಶಿಯ ಕಡೆ ಹೊರಟಿತು.

"ಬಾಯಾರ! ಎತ್ತು ಆ ಕಡೆ ಹೊಂಟಾವು, ನೀವ್ಯಾಕ ಈ ಕಡೆ ಬಂದ್ರಿ?" ಎಂದು ಕಾಯಿಪಲ್ಲೆ ಮಾರುವವಳು ಬುಟ್ಟಿ ಎತ್ತಿಕೊಂಡು ಓಡಿದಳು.

"ಎತ್ತಿನ ಮಾತ ಕೇಳಾಕ ನಾ ಏನ್ ಬಂಡಿ ಹೊಡದೇನೇನ?" ಎಂದಳು ಅತ್ತೆ, ಬದನೆಕಾಯಿಗಳ ನಡುವಿನಿಂದ.

ಅಂತೂ ಗಾಡಿ ನಮ್ಮ ಓಣಿಗೆ ಬಂತು. ಬಾಗಿಲಲ್ಲಿ ಕೂತಿದ್ದ ಆಯಿ ಅದನ್ನು ಕಂಡದ್ದೇ ದಡಬಡಿಸಿ ಎದ್ದು, ಸೆರಗು ತಲೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ನಿಂತಳು. ನನಗೆ ಅರ್ಥವಾಗಲಿಲ್ಲ. "ಯಾಕ ಆಯಿ, ಏನಾತು?" ಎಂದೆ.

"ಆ ಗಾಡಿ ಬಂತಂದ್ರ ನಾವು ಹಿಂಗ ನಿಲ್ಲತಿದ್ವಿ, ತಂಗಿ" ಎಂದಳು ಆಯಿ ಗೋಡೆಗೇ. "ಮಾಲಕರ ಕಣ್ಣಿಗೆ ಬೀಳಬಾರದು."

ಅತ್ತೆ ಗಾಡಿಯಿಂದ ಇಳಿದಳು. ಎತ್ತು ಬಿಚ್ಚಿದವರು ಗಾಡಿಯನ್ನು ತಳ್ಳಿ ಅಂಗಳದಲ್ಲಿ ಮೂತಿ ಗೋಡೆಗೆ ತಾಗುವಂತೆ ನಿಲ್ಲಿಸಿದ್ದರು. "ಅವ್ವಾ, ಇತ್ತ ತಿರುಗಿ ನೋಡು" ಎಂದಳು ಅತ್ತೆ. "ಈಗ ಅದ ಗ್ವಾಡಿಗೆ ಮಾರಿ ಮಾಡಿ ನಿಂತೈತಿ."

ಆಯಿ ತಿರುಗಿ ನೋಡಿದಳು, ಆದರೆ ನಗಲಿಲ್ಲ. "ನೀ ಏನರ ಮಾಡ್ಕೋ. ನಾ ಮಾತ್ರ ಅದರಾಗ ಕೂಡೂದಿಲ್ಲ" ಎಂದು ಒಳಗೆ ಹೋದಳು.

ಇನ್ನು ರಿಪೇರಿ. ಕಾರು ರಿಪೇರಿ ಮಾಡುವವರು ಊರಲ್ಲಿ ಇರಲಿಲ್ಲವೆಂದಲ್ಲ. ಇದ್ದವರೆಲ್ಲ ಬಂದು, ನೋಡಿ, ನಮ್ಮ ಮನೆಯ ಚಹಾ ಕುಡಿದು, ಸಂತಾಪ ಹೇಳಿ ಹೋದರು. ಕೊನೆಗೆ ಕಮರಿಪೇಟೆಯ ಒಬ್ಬ ಮಿಸ್ತ್ರಿ ಸಿಕ್ಕ. ಅವನು ಹಿಟ್ಟಿನ ಗಿರಣಿಯ ಮಿಸ್ತ್ರಿ. ಜೀವಮಾನದಲ್ಲಿ ಕಾರು ಮುಟ್ಟಿರಲಿಲ್ಲ, ಆದರೆ ಧೈರ್ಯಕ್ಕೆ ಕಡಿಮೆ ಇರಲಿಲ್ಲ. ಗಾಡಿಯನ್ನು ಒಂದು ಸುತ್ತು ಹಾಕಿ, "ಇದಕ್ಕ ಕಾಳು ಎಲ್ಲಿ ಸುರೂದ್ರಿ?" ಎಂದ. ಪೆಟ್ರೋಲು ಸುರಿಯುವ ಬಾಯಿ ತೋರಿಸಿದೆವು. "ಹಂಗಾರ ಹಿಟ್ಟು ಹಿಂದಿನಿಂದ ಬರತೈತಿ" ಎಂದು ಹೊಗೆ ಕೊಳವೆ ನೋಡಿ ತಲೆದೂಗಿದ. ಅತ್ತೆಗೆ ಮನುಷ್ಯ ಹಿಡಿಸಿಬಿಟ್ಟ! ಏನೂ ಗೊತ್ತಿಲ್ಲದವನಿಗೆ ಕಲಿಸುವುದು ಸುಲಭ, ಅರ್ಧ ಗೊತ್ತಿದ್ದವನಿಗೆ ಕಷ್ಟ ಎಂದು ಅವಳ ಅನುಭವ.

ಪ್ರತಿದಿನ ಶಾಲೆ ಬಿಟ್ಟ ಮೇಲೆ ಇಬ್ಬರೂ ಸೇರಿ ಗಾಡಿ ಬಿಚ್ಚುತ್ತಿದ್ದರು. ಬಿಚ್ಚಿದ ಪ್ರತಿ ಸಾಮಾನಿನ ಮೇಲೂ ಅತ್ತೆ ಸುಣ್ಣದ ಕಡ್ಡಿಯಿಂದ ಅಂಕಿ ಹಾಕಿ ಪಡಸಾಲೆಯಲ್ಲಿ ಸಾಲಾಗಿ ಕೂರಿಸುತ್ತಿದ್ದಳು. ಮುಂಜಾನೆ ಎದ್ದು ಹಾಜರಿ! ಒಂದು ಸ್ಕ್ರೂ ಗೈರುಹಾಜರಾದರೆ ಮನೆಯೆಲ್ಲ ಗುಡಿಸಿ ಹುಡುಕಬೇಕು. ಒಮ್ಮೆ ನನ್ನ ಊಟದ ತಾಟಿನಲ್ಲಿ ಝುಣಕದೊಳಗೆ ಒಂದು ವಾಷರ್ ಸಿಕ್ಕಿತು. ನಾನು ಹೌಹಾರಿದೆ. ಅತ್ತೆ ಅದನ್ನು ತೊಳೆದು, "ಎಲ್ಲಿ ಹೋಗಿದ್ದೀ?" ಎಂದು ಅದನ್ನೇ ಗದರಿಸಿದಳು.

ಮಿಸ್ತ್ರಿಗೆ ಇಂಗ್ಲಿಷ್ ಹೆಸರುಗಳು ಬಾಯಿಗೆ ಹೊರಳುತ್ತಿರಲಿಲ್ಲ. ಕಾರ್ಬುರೇಟರನ್ನು ಅವನು 'ಕಾರಭಾರಿ' ಎನ್ನುತ್ತಿದ್ದ. ಒಂದು ಸಂಜೆ ಅವನು ಗಂಭೀರವಾಗಿ, "ಬಾಯಾರ, ಎಲ್ಲಾ ಛಲೋ ಐತ್ರಿ. ಕಾರಭಾರಿ ಒಬ್ಬಾಂವ ಕೆಟ್ಟಾನ" ಎಂದ.

ಒಳಗಿನಿಂದ ಆಯಿ ಕೂಗಿದಳು: "ಕಾರಭಾರಿ ಕೆಟ್ಟರ ಯಾವ ಸಂಸ್ಥಾನ ಉಳದೈತೋ ಯಪ್ಪಾ! ಮೊದಲ ಅವನ್ನ ತಗದು ಹಾಕ್ರಿ."

ಅದೊಂದು ಮಾತ್ರ ಆ ಗಾಡಿಯ ವಿಷಯದಲ್ಲಿ ಸಿಕ್ಕ ಸರಿಯಾದ ಸಲಹೆ. ಮುಂಬಯಿಯಿಂದ ಬೇರೆ ಕಾರಭಾರಿ ಬಂದ.

ಸೀಟುಗಳ ಗತಿ ಹೇಳುವ ಹಾಗಿರಲಿಲ್ಲ. ಇಲಿಗಳು ಅವುಗಳ ಕರುಳನ್ನೇ ತೆಗೆದಿದ್ದವು. ಗಾಡಿಯಲ್ಲಿ ಕೂಡುವುದಿಲ್ಲ ಎಂದಿದ್ದ ಆಯಿ, ಕೂಡುವವರ ಕಷ್ಟ ನೋಡಲಾರದೆ, ಹಳೆ ಇಲಕಲ್ಲ ಸೀರೆಗಳನ್ನು ಹೊರತೆಗೆದಳು. ಓಣಿಯ ಹೆಂಗಸರು ಒಟ್ಟಾಗಿ ಕೂತು ಒಂದರ ಮೇಲೊಂದು ಬಟ್ಟೆಯಿಟ್ಟು ಕೌದಿ ಹೊಲಿದರು. ಕೆಂಪು, ಹಸಿರು, ಬದನೆ ಬಣ್ಣದ ತುಂಡುಗಳ ಕೌದಿ ಸೀಟಿಗೆ ಏರಿತು. ವಿಲಾಯತಿಯ ರಾಣಿ ಬಂದು ಕೂತರೂ ಎದ್ದು ಹೋಗಲು ಮನಸ್ಸು ಮಾಡುತ್ತಿರಲಿಲ್ಲ! ಬೆಕ್ಕಂತೂ ಮಾಡಲಿಲ್ಲ.

ಆಮೇಲೆ ಬಣ್ಣ. ಕಾರಿನ ಬಣ್ಣ ತುಟ್ಟಿ. ಅತ್ತೆ ತನಗೆ ಗೊತ್ತಿದ್ದ ಒಂದೇ ಬಣ್ಣದ ಅಂಗಡಿಗೆ ಹೋಗಿ ತನಗೆ ಗೊತ್ತಿದ್ದ ಒಂದೇ ಬಣ್ಣ ತಂದಳು. ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣ! ಎರಡು ಕೈ ಬಳಿದಾಗ ಗಾಡಿ ಕಪ್ಪಗೆ, ಸಪ್ಪಗೆ, ಹೊಳಪಿಲ್ಲದೆ ನಿಂತಿತು. ಮರುದಿನ ಎದ್ದು ನೋಡಿದರೆ ಓಣಿಯ ಹುಡುಗರು ಎಡಗಡೆಯ ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ಗುಣಾಕಾರದ ಲೆಕ್ಕ ಮಾಡಿದ್ದರು. ಅತ್ತೆಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಉತ್ತರ ತಪ್ಪಾಗಿತ್ತು!

ಗಾಡಿ ಮೊದಲು ಚಾಲೂ ಆದ ಸಂಜೆಯನ್ನು ನಮ್ಮ ಓಣಿ ಮರೆತಿರಲಾರದು. ಮುಂದಿನ ಹ್ಯಾಂಡಲನ್ನು ಮಿಸ್ತ್ರಿ ತಿರುವಿ ತಿರುವಿ ಬೆವತು ಕೂತಿದ್ದ. ಕೊನೆಗೆ ಅತ್ತೆ ಕಚ್ಚೆ ಬಿಗಿದು ತಾನೇ ತಿರುವಿದಳು. ಗಾಡಿ ಒಮ್ಮೆ ಕೆಮ್ಮಿತು, ಎರಡನೆಯ ಸಲ ಸೀನಿತು, ಮೂರನೆಯ ಸಲ ಢಂ ಎಂದಿತು. ಹೊಗೆ ಕೊಳವೆಯಲ್ಲಿ ಇಲಿಗಳು ತುಂಬಿಟ್ಟಿದ್ದ ಹತ್ತಿಕಾಳು ಬಂದೂಕಿನ ಛರ್ರೆಗಳಂತೆ ಹಾರಿ, ಎದುರು ಮನೆಯ ತಾಮ್ರದ ಹಂಡೆಗೆ ಬಡಿದು ಠಣಠಣ ಎಂದಿತು. ಒಣಹಾಕಿದ್ದ ಬಿಳಿ ಧೋತರಗಳೆಲ್ಲ ಕರ್ರಗಾದವು. ಹೊಗೆಯೊಳಗಿನಿಂದ ಮಿಸ್ತ್ರಿಯ ದನಿ ಬಂತು: "ಹಿಟ್ಟು ಸಣ್ಣಗ ಬರಾಕತ್ತೈತ್ರಿ, ಬಾಯಾರ!"

ಗಾಡಿ ಓಡಿಸಲು ಕಲಿಸಲಿಕ್ಕೆ ಸ್ಟೇಷನ್ನಿನ ಹತ್ತಿರದ ಒಬ್ಬ ಟ್ಯಾಕ್ಸಿ ಚಾಲಕನನ್ನು ಗೊತ್ತು ಮಾಡಿದಳು. ಅವನ ಮಗಳು ಅತ್ತೆಯ ಶಾಲೆಯಲ್ಲಿದ್ದಳು, ಪಾಪ, ಒಲ್ಲೆ ಎನ್ನಲು ಅವನಿಗೆ ದಾರಿಯಿರಲಿಲ್ಲ.

"ಕ್ಲಚ್ ಒತ್ರಿ, ಬಾಯಾರ."

"ಯಾಕ ಒತ್ತಬೇಕು?"

"ಒತ್ತಬೇಕ್ರಿ. ಎಲ್ಲಾರೂ ಒತ್ತತಾರ."

"ಎಲ್ಲಾರೂ ಮಾಡತಾರ ಅನ್ನೂದು ಕಾರಣ ಅಲ್ಲ. ತಿಳಕೊಂಡು ಬಾ, ನಾಳಿ ಒತ್ತತೇನಿ."

ಆ ಮನುಷ್ಯ ಅಷ್ಟು ವರ್ಷ ನಿಶ್ಚಿಂತೆಯಿಂದ ಕ್ಲಚ್ ಒತ್ತಿದ್ದವನು, ಅಂದಿನಿಂದ ಒತ್ತುವ ಮೊದಲು ಯೋಚನೆ ಮಾಡತೊಡಗಿದ. ಅವನ ಟ್ಯಾಕ್ಸಿಯೇ ನಡುರಸ್ತೆಯಲ್ಲಿ ನಿಲ್ಲತೊಡಗಿತು!

ಗಾಡಿಯ ಎಲ್ಲ ಗುಣಗಳ ನಡುವೆ ಒಂದು ಕೊರತೆ ಇತ್ತು. ಅದು ಹಿಂದಕ್ಕೆ ಹೋಗುತ್ತಿರಲಿಲ್ಲ. ಲೈಸೆನ್ಸಿನ ಪರೀಕ್ಷೆಗೆ ಹೋದಾಗ ಸಾಹೇಬರು ಮೈದಾನದ ನಡುವೆ ನಿಂತು, "ಹಿಂದಕ್ಕ ಬರ್ರಿ ನೋಡೂಣು" ಎಂದರು. ಅತ್ತೆ ಮುಂದಕ್ಕೆ ಹೊರಟಳು. ಇಡೀ ಮೈದಾನ ಸುತ್ತು ಹಾಕಿ, ಸಾಹೇಬರ ಬೆನ್ನ ಹಿಂದೆ ಬಂದು ನಿಂತು ಪೋಂ ಎಂದು ಹಾರ್ನ್ ಒತ್ತಿದಳು. "ಹಿಂದಕ್ಕ ಬಾ ಅಂದ್ರಿ. ಬಂದೇನಿ." ಸಾಹೇಬರು ಬಿದ್ದು ಬಿದ್ದು ನಕ್ಕರು, ಆದರೆ ಲೈಸೆನ್ಸು ಕೊಡಲಿಲ್ಲ. ರಿಪೇರಿ ಮಾಡಿಸಿಕೊಂಡು ಬನ್ನಿ ಎಂದರು.

ವಾಪಸು ಬರುವಾಗ ಒಂದು ಇಕ್ಕಟ್ಟು ಓಣಿಯಲ್ಲಿ ಎದುರಿಗೆ ಅರಳೆ ಅಂಡಿಗೆ ಹೇರಿದ ಬಂಡಿ ಬಂತು. ಟ್ಯಾಕ್ಸಿಯವನು ಅತ್ತೆಯ ಪಕ್ಕದಲ್ಲಿದ್ದ. ಪರಿಸ್ಥಿತಿ ನೋಡಿ ಮುಖದ ಮೇಲೆ ಟವೆಲು ಹಾಕಿಕೊಂಡು ನಿದ್ದೆ ಬಂದವನಂತೆ ನಟಿಸಿದ.

"ಗಾಡಿ ಹಿಂದ ತಗೋರಿ ಬಾಯಾರ" ಎಂದ ಬಂಡಿಯವನು.

"ಇದಕ್ಕ ಹಿಂದ ಹೋಗಾಕ ಬರೂದಿಲ್ಲಪಾ. ನೀನ ತಗೋ."

"ಎತ್ತಿಗೂ ಬರೂದಿಲ್ರಿ."

ಓಣಿಯ ಜನವೆಲ್ಲ ಸೇರಿ ಎತ್ತು ಬಿಚ್ಚಿ, ಬಂಡಿಯನ್ನು ಹಿಂದಕ್ಕೆ ತಳ್ಳಿ ದಾರಿ ಮಾಡಿದರು. ಆ ದಿನದಿಂದ ಹುಬ್ಬಳ್ಳಿಯಲ್ಲಿ ಯಾರಾದರೂ ಹಟ ಹಿಡಿದರೆ 'ಬಾಯಾರ ಗಾಡಿ' ಎನ್ನುವುದು ರೂಢಿಯಾಯಿತು. ಮಿಸ್ತ್ರಿ ಕಷ್ಟಪಟ್ಟು ಹಿಂದಿನ ಗೇರು ಸರಿ ಮಾಡಿದ. ಆದರೆ ಮುಂದಿನ ಗೇರುಗಳಲ್ಲಿ ಒಂದು ಹೋಯಿತು. ಅತ್ತೆಗೆ ಬೇಸರವಿರಲಿಲ್ಲ; "ಎಲ್ಲಾ ವಿಷಯದಾಗ ಫಸ್ಟ್ ಕ್ಲಾಸ್ ಯಾರಿಗೆ ಬರತೈತಿ?" ಎಂದಳು. ಲೈಸೆನ್ಸು ಸಿಕ್ಕಿತು.

ಊರು ನಗುತ್ತಿತ್ತು, ನಿಜ. ಆದರೆ ಎಲ್ಲ ನಗುವೂ ಒಂದೇ ಜಾತಿಯದಾಗಿರಲಿಲ್ಲ. "ಈಗ ಇವರಿಗೂ ಕಾರು ಬೇಕಾತು" ಎಂದು ಚಹಾದಂಗಡಿಯಲ್ಲಿ ಕೂತವರು ನಮಗೆ ಕೇಳುವಷ್ಟೇ ಮೆಲ್ಲಗೆ ಹೇಳುತ್ತಿದ್ದರು. ಒಂದು ದಿನ ಒಬ್ಬ ಪೊಲೀಸ ಅತ್ತೆಯನ್ನು ಅಡ್ಡಗಟ್ಟಿ, "ಗಾಡಿ ಮಾಲಕರು ಎಲ್ಲದಾರ?" ಎಂದು ಕೇಳಿದ.

"ಒಳಗ ನೋಡ್ರಿ" ಎಂದಳು ಅತ್ತೆ.

ಅವನು ಹಿಂದಿನ ಸೀಟಿನಲ್ಲಿ ಬಗ್ಗಿ ನೋಡಿದ. "ಇಲ್ಲಿ ಬೆಕ್ಕು ಐತಿ."

"ಅದಲ್ಲ. ಮುಂದ ನೋಡ್ರಿ."

ಅವನು ಮುಂದೆ ನೋಡಿದ. ಮತ್ತೆ ಹಿಂದೆ ನೋಡಿದ. ಅತ್ತೆಗಿಂತ ಬೆಕ್ಕೇ ಮಾಲಕರಿರಬಹುದು ಎಂದು ಅವನಿಗೆ ಅನ್ನಿಸಿದ್ದು ಮುಖದಲ್ಲಿ ಕಾಣುತ್ತಿತ್ತು. ನಾನು ಮನೆಗೆ ಬಂದ ಮೇಲೂ ಕುದಿಯುತ್ತಿದ್ದೆ. ಅತ್ತೆ ಮಾತ್ರ ಗಾಜು ಒರೆಸುತ್ತ ಹಾಡಿಕೊಂಡಿದ್ದಳು. ಅವಳಿಗೆ ನೋವಾಗುತ್ತಿದ್ದದ್ದು ಒಂದೇ ವಿಷಯಕ್ಕೆ. ಪ್ರತಿ ಭಾನುವಾರ ಅವಳು ಮುಂದಿನ ಬಾಗಿಲು ತೆರೆದು, "ಅವ್ವಾ, ಬಾ, ಒಂದು ಸುತ್ತು ಹೋಗಿ ಬರೂಣು" ಎನ್ನುವಳು. "ನನ್ನ ಕಾಲು ಛಲೋ ಅದಾವು" ಎಂದು ಆಯಿ ಮೊರ ಹಿಡಿದು ಜೋಳ ಹಸನು ಮಾಡಲು ಕೂಡುವಳು. ಅತ್ತೆ ಬಾಗಿಲು ಹಾಕುವಳು.

ಒಂದು ಶನಿವಾರ ನಾನು ಕಾಲೇಜು ಮುಗಿಸಿ ಅತ್ತೆಯ ಜೊತೆ ಮನೆಗೆ ಹೋಗೋಣವೆಂದು ಅವಳ ಶಾಲೆಗೆ ಬಂದಿದ್ದೆ. ಸಾವುಕಾರರ ಕಿರಿಯ ಮಗಳಿಗೆ ಜ್ವರ ಏರಿತ್ತು. ಅತ್ತೆ ಹುಡುಗಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ವಾಡೆಗೆ ಹೊರಟಳು, ನಾನು ಹಿಂದೆ ಕೂತೆ. ಪೋಂ ಎಂಬ ಶಬ್ದಕ್ಕೆ ಬಾಗಿಲು ತೆರೆದು ಹೊರಗೆ ಬಂದವರು ಆ ದನಿಯ ಅವ್ವಾರೇ. ಹಣೆಯ ತುಂಬ ವಿಭೂತಿ ಧರಿಸಿದ, ಸಣ್ಣ ದೇಹದ, ಬೆಳ್ಳಗಿನ ಮುದುಕಿ. ಮೊಮ್ಮಗಳ ಹಣೆ ಮುಟ್ಟಿ ನೋಡಿ, ಸೊಸೆಯನ್ನು ಕರೆದು ಒಳಗೆ ಕಳಿಸಿದರು. ತಾವು ಒಳಗೆ ಹೋಗಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಬಂದು, ಕಿಟಕಿಯಲ್ಲಿ ಕೈ ಹಾಕಿ ಕೌದಿಯನ್ನು ಒತ್ತಿ ನೋಡಿದರು.

"ಇಷ್ಟು ಮೆತ್ತಗ ಐತೇನು ಇದು?"

"ಮೊದಲ ಹೆಂಗಿತ್ರಿ, ಅವ್ವಾರ?" ಎಂದಳು ಅತ್ತೆ.

"ನನಗ ಹೆಂಗ ಗೊತ್ತಾಗಬೇಕು, ಬಾಯಾರ? ನಾ ಯಾವಾಗ ಇದರಾಗ ಕೂತೇನಿ? ಅವರು ಕೂತರು, ಅವರ ಗೆಳ್ಯಾರು ಕೂತರು, ಅವರ ನಾಯಿ ಕೂತಿತು. ಹೆಂಗಸರು ಕೂಡೂ ಪದ್ಧತಿ ನಮ್ಮ ಮನ್ಯಾಗ ಇರಲಿಲ್ಲ."

ಅತ್ತೆ ಮುಂದಿನ ಬಾಗಿಲು ತೆರೆದಳು. ಅವ್ವಾರು ಸೀರೆ ಎತ್ತಿ ಹಿಡಿದು, ಹುಡುಗಿಯ ಹಾಗೆ ಚಟಕ್ಕನೆ ಹತ್ತಿ ಕೂತೇಬಿಟ್ಟರು! ಸಾವುಕಾರರು ಅಂಗಡಿಯಿಂದ ಓಡಿ ಬಂದರು. "ಅವ್ವಾ, ಎಲ್ಲಿಗೆ ಹೊಂಟಿ? ಮಂದಿ ಏನಂದಾರು?"

"ಇಷ್ಟ ವರ್ಷ ಮಂದಿ ನನ್ನ ಬಗ್ಗೆ ಏನೂ ಅಂದಿಲ್ಲಪಾ. ಈಗರ ಏನರ ಅನ್ನಲಿ" ಎಂದರು ಅವ್ವಾರು. ಮತ್ತೆ ಅತ್ತೆಗೆ, "ಉಣಕಲ್ಲ ಕೆರಿ ಭಾಳ ದೊಡ್ಡದೈತಂತ, ಖರೇ ಏನು? ಮದಿವಿ ಆಗಿ ಈ ಊರಿಗೆ ಬಂದಾಗಿಂದ ಕೇಳಾಕತ್ತೇನಿ. ನೋಡಿಲ್ಲ."

ಗಾಡಿ ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಅವ್ವಾರು, "ನಿಮ್ಮವ್ವ ಬರೂದಿಲ್ಲೇನು?" ಎಂದು ಕೇಳಿದರು.

"ಈ ಗಾಡ್ಯಾಗ ಕೂಡೂದಿಲ್ಲ ಅಂತಾಳ್ರಿ."

"ಯಾಕಂತ?"

ಅತ್ತೆ ರಸ್ತೆ ನೋಡುತ್ತಲೇ ಯಾಕೆಂದು ಹೇಳಿದಳು. ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದದ್ದನ್ನೂ ಹೇಳಿದಳು. ಅವ್ವಾರು, "ಗಾಡಿ ನಿಮ್ಮ ಮನಿಗೆ ತಿರುಗಸ್ರಿ" ಎಂದರು.

ಸಾವುಕಾರ್ತಿ ನಮ್ಮ ಓಣಿಗೆ ಬಂದದ್ದನ್ನು ನೋಡಲು ಮನೆಮನೆಯಿಂದ ಜನ ಹೊರಬಿದ್ದರು. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಆಯಿ ಗಾಡಿಯೊಳಗಿನ ಮುಖ ಕಂಡದ್ದೇ ಮೊರ ಬಿಟ್ಟು ಎದ್ದು ಗೋಡೆಗೆ ತಿರುಗಿದಳು.

"ಏನವಾ, ಗ್ವಾಡಿ ಕೂಡ ಏನು ಮಾತಾಡಾಕತ್ತಿ? ಈ ಕಡೆ ತಿರುಗು. ಕೆರಿ ನೋಡಿ ಬರೂಣು ಬಾ."

"ಒಲ್ಲೆನ್ರಿ, ಅವ್ವಾರ. ನಿಮ್ಮ ಗಾಡಿ ಅದು."

"ನನ್ನ ಗಾಡಿ ಯಾವಾಗ ಆಗಿತ್ತು? ಈಗರ ನಿನ್ನ ಮಗಳದ ಆಗೈತಿ. ನೀ ಬರಲಿಲ್ಲಂದ್ರ ನಾನೂ ಇಳದು ಇಲ್ಲೇ ನಿನ್ನ ಮಗ್ಗಲ ಕೂಡತೇನಿ ನೋಡು. ಇನ್ನೊಂದು ಮೊರ ಐತೇನು?"

ಸಾವುಕಾರ್ತಿಯನ್ನು ಬಾಗಿಲಲ್ಲಿ ಕೂರಿಸಿ ಜೋಳ ಹಸನು ಮಾಡಿಸುವುದಕ್ಕಿಂತ ಗಾಡಿ ಹತ್ತುವುದೇ ಕಡಿಮೆ ಆಪತ್ತು ಎಂದು ಆಯಿಗೆ ಅನ್ನಿಸಿರಬೇಕು. ಬಂದು ಹಿಂದೆ ನನ್ನ ಪಕ್ಕದಲ್ಲಿ ಹತ್ತಿದಳು. ತಾನೇ ಹೊಲಿದ ಕೌದಿಯ ಅಂಚಿನ ಮೇಲೆ, ಸೀಟಿಗೆ ತನ್ನ ಭಾರ ಗೊತ್ತಾಗಬಾರದು ಎಂಬಂತೆ, ಮೊಣಕಾಲು ಹಿಡಿದುಕೊಂಡು ಕೂತಳು.

ಉಣಕಲ್ಲ ಕೆರೆಯ ಏರಿಯ ಮೇಲೆ ಗಾಳಿ ಜೋರಾಗಿತ್ತು. ಇಬ್ಬರೂ ಮುದುಕಿಯರು ನೀರಿನ ಕಡೆ ಮುಖ ಮಾಡಿ ಕಲ್ಲಿನ ಮೇಲೆ ಕೂತರು. ಮೊದಲು ನಡುವೆ ಒಂದು ಆಳು ಕೂಡುವಷ್ಟು ಜಾಗ ಬಿಟ್ಟಿದ್ದ ಆಯಿ ಮೆಲ್ಲಗೆ ಕೇಳಿದಳು: "ಖರೇನ ನೀವು ಒಮ್ಮೆನೂ ಕೂತಿರಲಿಲ್ಲೇನ್ರಿ, ಅವ್ವಾರ? ಗಾಡಿ ಕಿಡಕಿಗೆ ಪಡದೆ ಇರತಿತ್ತಲ್ರಿ. ಒಳಗ ನೀವ ಇರತೀರಿ ಅಂತ ನಾವು ಇನ್ನಷ್ಟು ತಲಿ ತಗ್ಗಸತಿದ್ವಿ."

"ಒಳಗ ನಾಯಿ ಇರತಿತ್ತು" ಎಂದರು ಅವ್ವಾರು. "ನಾ ಮಾಳಿಗಿ ಕಿಡಕ್ಯಾಗ ನಿಂತು ನಿನ್ನ ನೋಡತಿದ್ದೆ. ದಿನಾ ಹೊರಗ ಹೋಗತಾಳ, ಊರು ತಿರುಗತಾಳ ಅಂತ ಹೊಟ್ಟಿಕಿಚ್ಚು ಆಗತಿತ್ತು ನನಗ."

"ಶೆಗಣಿ ಬುಟ್ಟಿ ಹೊತ್ತು ತಿರುಗೂದಕ್ಕ ಹೊಟ್ಟಿಕಿಚ್ಚೇನ್ರಿ? ಹೇಳಿದ್ದರ ಒಂದಿನ ನಿಮ್ಮ ತಲಿ ಮ್ಯಾಲೆ ಹೊರಸತಿದ್ದೆ!"

ಅಂದುಬಿಟ್ಟು ಆಯಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವ್ವಾರು ಅವಳನ್ನೇ ನೋಡಿದರು. ಆಮೇಲೆ ಅವರಿಗೆ ನಗು ಬಂತು. ತಡೆಯಲಾಗದ ನಗು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಆಯಿಯ ಭುಜಕ್ಕೆ ಒರಗಿದರು. ಆಯಿ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಅವಳೂ ನಗತೊಡಗಿದಳು. ಅವಳು ಬಾಯಿ ಮುಚ್ಚಿಕೊಳ್ಳದೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊತ್ತು ಇಳಿಯಿತು. ಅತ್ತೆ ಹ್ಯಾಂಡಲ್ ತಿರುವಿ ಗಾಡಿ ಚಾಲೂ ಮಾಡಿದಳು. ಅವ್ವಾರು ಹಿಂದಿನ ಬಾಗಿಲು ತೆರೆದು ನನ್ನ ಪಕ್ಕ ಬಂದು ಕೂತರು. "ಬರುವಾಗ ನಾ ಮುಂದ ಕೂತೇನಿ. ಹೋಗುವಾಗ ನೀ ಕೂಡವಾ" ಎಂದರು. ಆಯಿ ಒಮ್ಮೆ ಮಗಳ ಮುಖ ನೋಡಿ, ಮುಂದೆ ಹತ್ತಿ, ಈ ಸಲ ಬೆನ್ನು ಪೂರ್ತಿ ಒರಗಿಸಿ ಕೂತಳು.

ಅತ್ತೆ ಎರಡೂ ಕೈ ಚಕ್ರದ ಮೇಲಿಟ್ಟುಕೊಂಡು ಕೂತಿದ್ದಳು. ಗಾಡಿ ಮಾತ್ರ ಕದಲಲಿಲ್ಲ.

"ಯಾಕವಾ, ಹೊಂಡವಲ್ಲದೇನು ಗಾಡಿ?" ಎಂದಳು ಆಯಿ.

"ಹೊಂಡತೈತಿ ಅವ್ವಾ. ಸ್ವಲ್ಪ ತಡಿ."

ಎಂಜಿನ್ನು ಆಗಲೇ ಗುರುಗುಡುತ್ತಿತ್ತು, ಬೆಳಕೂ ಇನ್ನೂ ಇತ್ತು. ಅತ್ತೆಗೆ ರಸ್ತೆ ಕಾಣುತ್ತಿರಲಿಲ್ಲ, ಅಷ್ಟೇ.